ರೋಡ್ ಬೈಕ್‌ಗೆ ಟೈರ್ ಆರಿಸುವುದು ಹೇಗೆ? ಅಳತೆಯಿಂದ ಗಾಳಿಯವರೆಗೆ ಸಮಗ್ರ ಮಾರ್ಗದರ್ಶಿ

ಸವಾರ, ಸೈಕಲ್, ನೀರಿನ ಬಾಟಲಿ ಎಲ್ಲ ಸೇರಿ 85 ಕೆಜಿ ತೂಕ, ಟೈರಿನಲ್ಲಿ ಗಾಳಿಯ ಒತ್ತಡ 5 ಬಾರ್ ಎಂದುಕೊಳ್ಳಿ. ತೂಕವನ್ನು ಒತ್ತಡದಿಂದ ಭಾಗಿಸಿದರೆ ಎರಡೂ ಟೈರ್ ಸೇರಿ ನೆಲಕ್ಕೆ ತಾಗುವ ಜಾಗ ಸಿಗುತ್ತದೆ: ಸುಮಾರು 17 ಚದರ ಸೆಂಟಿಮೀಟರ್, ಅಂದರೆ ಒಂದು ಬೆಂಕಿಪೊಟ್ಟಣದ ಮೇಲ್ಮೈಯಷ್ಟು. ಬ್ರೇಕ್ ಹಿಡಿಯುವುದು, ತಿರುವಿನಲ್ಲಿ ವಾಲುವುದು, ಗುಂಡಿಯ ಹೊಡೆತ ತಡೆಯುವುದು, ಪೆಡಲ್ ತುಳಿದ ಬಲವನ್ನು ರಸ್ತೆಗೆ ದಾಟಿಸುವುದು ಎಲ್ಲವೂ ಅಷ್ಟರಲ್ಲೇ ನಡೆಯಬೇಕು. ಹಗುರವಾದ ಸೀಟ್‌ಪೋಸ್ಟ್‌ಗೋ ಹ್ಯಾಂಡಲ್‌ಗೋ ಹಣ ಹಾಕುವ ಮುಂಚೆ ಟೈರ್ ಕಡೆ ನೋಡಿ ಎನ್ನುವುದು ಇದಕ್ಕೇ.

ಟೈರ್ ವಿಷಯದಲ್ಲಿ ಒಂದು ಹಳೆಯ ನಂಬಿಕೆ ಇನ್ನೂ ಓಡಾಡುತ್ತಿದೆ. ಆರಾಮ ಬೇಕಾದರೆ ವೇಗ ಬಿಡಬೇಕು, ವೇಗ ಬೇಕಾದರೆ ಟೈರ್ ಸಣ್ಣದಾಗಿ ಕಲ್ಲಿನಂತೆ ಗಟ್ಟಿಯಾಗಿರಬೇಕು ಎನ್ನುವುದು ಅದರ ಸಾರ. ಇದು ಸರಿಯಲ್ಲ. ಮೃದುವಾಗಿ ಬಾಗುವ ಮೈ, ಸಾಕಷ್ಟು ಅಗಲ ಮತ್ತು ಹದವಾದ ಗಾಳಿ ಇದ್ದರೆ ಆರಾಮ, ಹಿಡಿತ, ವೇಗ ಮೂರೂ ಬಹುತೇಕ ಒಟ್ಟಿಗೇ ಬರುತ್ತವೆ. ಇವುಗಳ ಎದುರು ನಿಲ್ಲುವುದು ಪಂಕ್ಚರ್ ರಕ್ಷಣೆ ಮತ್ತು ಬಾಳಿಕೆ. ಆದ್ದರಿಂದ ನೀವು ತೀರ್ಮಾನಿಸಬೇಕಾದ್ದು "ಆರಾಮವೋ ವೇಗವೋ" ಎಂದಲ್ಲ, ನಿಮ್ಮ ರಸ್ತೆಗೆ ಎಷ್ಟು ರಕ್ಷಣೆ ಬೇಕು, ಅದಕ್ಕಾಗಿ ಎಷ್ಟು ಬಿಟ್ಟುಕೊಡುತ್ತೀರಿ ಎಂದು.

1. ಟೈರಿನ ಮೇಲಿರುವ ಸಂಖ್ಯೆ ಓದಿ

ಈಗಿರುವ ಟೈರಿನ ಪಕ್ಕದಲ್ಲಿ "700×25ಸಿ" ಎಂಬಂಥ ಬರಹವೂ, ಅದರ ಹತ್ತಿರ "25-622" ಎಂಬ ಇನ್ನೊಂದು ಜೋಡಿ ಸಂಖ್ಯೆಯೂ ಇರುತ್ತವೆ. ನಂಬಬೇಕಾದ್ದು ಎರಡನೆಯದನ್ನು. ಮೊದಲ ಅಂಕಿ ಮಿಲಿಮೀಟರ್‌ನಲ್ಲಿ ಟೈರಿನ ಅಗಲ. ಎರಡನೆಯದು ಟೈರಿನ ಅಂಚು ರಿಮ್ ಮೇಲೆ ಕೂರುವ ಜಾಗದ ವ್ಯಾಸ. ಈ ಎರಡನೇ ಅಂಕಿ ರಿಮ್‌ಗೆ ನಿಖರವಾಗಿ ಹೊಂದಲೇಬೇಕು, ಅದರಲ್ಲಿ "ಸುಮಾರು" ಎನ್ನುವುದಿಲ್ಲ.

ಇಂದಿನ ರೋಡ್ ಬೈಕ್‌ಗಳಲ್ಲಿ ಬಹುಪಾಲು 622, ಇದನ್ನೇ 700ಸಿ ಎನ್ನುವುದು. ಕೆಲವು ಸಣ್ಣ ಫ್ರೇಮ್‌ಗಳಲ್ಲಿ ಮತ್ತು ಅಗಲ ಟೈರ್ ಹಾಕುವ ಸೈಕಲ್‌ಗಳಲ್ಲಿ 650ಬಿ ಇರುತ್ತದೆ, ಅದು 584. ಹಳೆಯ ಸೈಕಲ್ ಕೊಂಡವರು ಹುಷಾರಾಗಿರಬೇಕಾದ್ದು 27 ಇಂಚಿನ ವಿಷಯದಲ್ಲಿ. ನೋಡಲು 700ಸಿ ಥರವೇ ಇರುತ್ತದೆ, ಆದರೆ ಅದರ ವ್ಯಾಸ 630. 27 ಇಂಚಿನ ಟೈರನ್ನು 622 ರಿಮ್‌ಗೆ ಹಾಕಿದರೆ ಸಡಿಲವಾಗಿ ಸುಲಭವಾಗಿಯೇ ಕೂರುತ್ತದೆ, ಗಾಳಿ ಏರುತ್ತಿದ್ದಂತೆ ರಿಮ್‌ನಿಂದ ಹಾರಿ ಹೊರಬರುತ್ತದೆ.

2. ಫ್ರೇಮ್ ಎಷ್ಟು ಅಗಲ ತಡೆಯುತ್ತದೆ, ಅಳೆಯಿರಿ

ಇದಕ್ಕೆ ವಿಶೇಷ ಉಪಕರಣ ಬೇಡ, ಅಲೆನ್ ಕೀ ಸೆಟ್ ಸಾಕು. ಈಗಿನ ಟೈರಿಗೆ ಪೂರ್ತಿ ಗಾಳಿ ಹಾಕಿ, ಚಕ್ರವನ್ನು ನೆಟ್ಟಗೆ ಕೂರಿಸಿ. ಟೈರ್ ಮತ್ತು ಫ್ರೇಮ್ ನಡುವೆ 4 ಮಿಮೀ ಕೀ ತೂರಿಸಿ, ನುಸುಳಿದರೆ 5, ಆಮೇಲೆ 6 ಹೀಗೆ. ಯಾವುದು ಬಿಗಿಯಾಗಿ ನಿಲ್ಲುತ್ತದೋ ಅದೇ ಅಲ್ಲಿನ ಸಂದಿ. ಹೀಗೆ ನೋಡಬೇಕಾದ ಜಾಗಗಳು ಐದು: ಹಿಂದಿನ ಟೈರಿನ ಇಕ್ಕೆಲದ ಚೈನ್‌ಸ್ಟೇ (ಪೆಡಲ್ ಬಳಿಯಿಂದ ಹಿಂಚಕ್ರದ ನಡುವಿಗೆ ಹೋಗುವ ಕೊಳವೆಗಳು), ಸೀಟ್‌ಸ್ಟೇ (ಸೀಟಿನ ಕೆಳಗಿನಿಂದ ಅಲ್ಲಿಗೇ ಇಳಿಯುವ ಕೊಳವೆಗಳು) ಕೂಡುವಲ್ಲಿನ ಅಡ್ಡಪಟ್ಟಿ, ಸೀಟ್ ಟ್ಯೂಬ್ (ಸೀಟು ಕೂರುವ ಕೊಳವೆ) ಹಿಂಬದಿ, ಮುಂದಿನ ಫೋರ್ಕ್‌ನ ಎರಡು ಕಾಲುಗಳ ಒಳಮೈ, ಮತ್ತು ಫೋರ್ಕ್ ನೆತ್ತಿಯ ಕೆಳಭಾಗ. ಬಹಳ ಮಂದಿ ಮರೆಯುವ ಆರನೆಯದೊಂದು ಇದೆ. ಮುಂದಿನ ಡಿರೇಲರ್‌ನ (ಗೇರ್ ಬದಲಿಸಲು ಚೈನ್ ಸರಿಸುವ ಭಾಗ) ಕೇಬಲ್ ಬೋಲ್ಟ್ ಕೆಲವು ಸೈಕಲ್‌ಗಳಲ್ಲಿ ಹಿಂದಿನ ಟೈರ್ ಕಡೆಗೇ ಚಾಚಿಕೊಂಡಿರುತ್ತದೆ.

ಹೊಸ ಟೈರ್ ಹಾಕಿದ ಮೇಲೂ ಪ್ರತಿ ಕಡೆ ಕನಿಷ್ಠ 4 ಮಿಮೀ ಉಳಿಯಬೇಕು, ಕೆಸರು ಮತ್ತು ಜಲ್ಲಿ ಇರುವ ದಾರಿಯಾದರೆ 6. ಕಾರಣ ಎರಡು. ದಾರಿ ಮಧ್ಯೆ ಚಕ್ರದ ಒಂದು ಕಡ್ಡಿ (ಸ್ಪೋಕ್) ಮುರಿದರೆ ಚಕ್ರ ತಕ್ಷಣ ಕೆಲವು ಮಿಲಿಮೀಟರ್ ಓರೆಯಾಗುತ್ತದೆ, ಸಂದಿ ಇಲ್ಲದಿದ್ದರೆ ಅಲ್ಲೇ ನಿಂತಿರಿ. ಇನ್ನೊಂದು, ಟೈರಿಗೆ ಅಂಟಿದ ಸಣ್ಣ ಕಲ್ಲು ಪ್ರತಿ ಸುತ್ತಿಗೂ ಫ್ರೇಮ್ ಉಜ್ಜುತ್ತದೆ. ಕಾರ್ಬನ್ ಫ್ರೇಮ್ ಆದರೆ ಬಣ್ಣ ಹೋಗಿ ನಾರು ಕಾಣಿಸಲು ಹೆಚ್ಚು ದಿನ ಬೇಕಿಲ್ಲ.

ರಿಮ್ ಬ್ರೇಕ್ ಇರುವ ಸೈಕಲ್‌ನಲ್ಲಿ ಮಿತಿ ಹಾಕುವುದು ಹೆಚ್ಚಾಗಿ ಫ್ರೇಮ್ ಅಲ್ಲ, ಕ್ಯಾಲಿಪರ್, ಅಂದರೆ ರಿಮ್ ಅನ್ನು ಎರಡು ಕಡೆಯಿಂದ ಹಿಡಿಯುವ ಬ್ರೇಕಿನ ತೋಳುಗಳು. ಹಳೆಯ ಮಾದರಿಗಳಲ್ಲಿ 25, ಹೊಸವುಗಳಲ್ಲಿ 28ರವರೆಗೆ ಹಿಡಿಯುತ್ತದೆ. ಬ್ರೇಕಿನ ಸಡಿಲಿಸುವ ಲಿವರ್ ತೆರೆದಾಗಲೂ ಗಾಳಿ ತುಂಬಿದ ಟೈರ್ ಬ್ರೇಕ್ ರಬ್ಬರುಗಳ ನಡುವೆ ನುಸುಳದಿದ್ದರೆ ಪ್ರತಿ ಸಲ ಚಕ್ರ ಬಿಚ್ಚಲು ಗಾಳಿ ಬಿಡಬೇಕಾಗುತ್ತದೆ. ಮಡ್‌ಗಾರ್ಡ್ ಹಾಕುವವರು ಅದಕ್ಕೂ ಜಾಗ ಬಿಡಿ, ಮಡ್‌ಗಾರ್ಡ್ ಟೈರಿಗಿಂತ 8ರಿಂದ 10 ಮಿಮೀ ಅಗಲ ಇರಬೇಕು.

ಇನ್ನು ರಿಮ್. ಟೈರ್ ಮೇಲೆ 28 ಎಂದು ಬರೆದಿದ್ದರೆ ಅದು ಎಲ್ಲ ರಿಮ್ ಮೇಲೂ 28 ಆಗುವುದಿಲ್ಲ. ರಿಮ್‌ನ ಒಳ ಅಗಲ 1 ಮಿಮೀ ಹೆಚ್ಚಾದರೆ ಟೈರ್ ಸುಮಾರು 0.4 ಮಿಮೀ ಹಿಗ್ಗುತ್ತದೆ. ಒಳ ಅಗಲ 15 ಇರುವ ಹಳೆಯ ರಿಮ್ ಮೇಲೆ 26ರ ಆಸುಪಾಸು ನಿಲ್ಲುವ ಟೈರೇ 23ರ ರಿಮ್ ಮೇಲೆ 29 ದಾಟಬಹುದು. ಒಳ ಅಗಲ 15 ಇದ್ದರೆ 23ರಿಂದ 28, 17–19 ಇದ್ದರೆ 25ರಿಂದ 32, 21–23 ಇದ್ದರೆ 28 ಮತ್ತು ಮೇಲೆ, 25 ಇದ್ದರೆ 30 ಮತ್ತು ಮೇಲೆ ಎಂದಿಟ್ಟುಕೊಳ್ಳಿ. ಅಗಲ ರಿಮ್‌ಗೆ ಸಣ್ಣ ಟೈರ್ ಹಾಕುವುದು ಅಪಾಯ. ಅಂಚು ಸರಿಯಾಗಿ ಕಚ್ಚಿಕೊಳ್ಳುವುದಿಲ್ಲ, ಗುಂಡಿಗೆ ಬಿದ್ದಾಗ ರಿಮ್ ನೇರವಾಗಿ ನೆಲಕ್ಕೆ ಹೊಡೆಯುತ್ತದೆ.

3. ಅಗಲ ನಿರ್ಧರಿಸಿ

ಒಂದೇ ಗಾಳಿಯಲ್ಲಿ 23 ಮತ್ತು 28ರ ಟೈರ್ ನೆಲಕ್ಕೆ ತಾಗುವ ವಿಸ್ತೀರ್ಣ ಹೆಚ್ಚುಕಮ್ಮಿ ಒಂದೇ. ಬದಲಾಗುವುದು ಆಕಾರ. ಸಣ್ಣ ಟೈರಿನದು ಉದ್ದುದ್ದ, ಅಗಲ ಟೈರಿನದು ಗಿಡ್ಡ ಮತ್ತು ದುಂಡಗೆ. ಉದ್ದ ತಾಗುವಾಗ ಟೈರಿನ ಮೈ ಹೆಚ್ಚು ಬಾಗಿ ನೇರವಾಗಬೇಕು, ಪ್ರತಿ ಬಾಗಿಗೂ ಸ್ವಲ್ಪ ಶಕ್ತಿ ಶಾಖವಾಗಿ ಹೋಗುತ್ತದೆ. ಒಂದೇ ಒತ್ತಡದಲ್ಲಿ ಅಗಲ ಟೈರ್ ಹಗುರವಾಗಿ ಉರುಳುವುದು ಇದರಿಂದಲೇ.

ವಾಸ್ತವದಲ್ಲಿ ಅಗಲ ಟೈರಿಗೆ ಕಡಿಮೆ ಗಾಳಿ ಹಾಕುತ್ತೇವೆ, ಆಗ ಈ ಲಾಭದ ಒಂದು ಭಾಗ ಕರಗುತ್ತದೆ. ಅದರ ಜಾಗಕ್ಕೆ ಬರುವುದು ಇನ್ನೂ ದೊಡ್ಡದು. ಒರಟು ರಸ್ತೆಯಲ್ಲಿ ಗಟ್ಟಿ ಟೈರ್ ಪ್ರತಿ ಉಬ್ಬಿಗೂ ಸೈಕಲ್ ಮತ್ತು ಸವಾರನನ್ನು ಎತ್ತಿ ಹಾಕುತ್ತದೆ. ಆ ನಡುಕವನ್ನು ನುಂಗುವುದು ನಿಮ್ಮ ತೊಡೆ, ಬೆನ್ನು, ಕೈಗಳ ಸ್ನಾಯುಗಳು, ಅದಕ್ಕೆ ಬೆಲೆ ಕೊಡುವುದು ಮುಂದಕ್ಕೆ ಹೋಗಬೇಕಿದ್ದ ಶಕ್ತಿ. ಪ್ರಯೋಗಾಲಯದ ನುಣ್ಣನೆಯ ಉಕ್ಕಿನ ಉರುಳೆಯ ಮೇಲೆ ಗಾಳಿ ಏರಿಸಿದಷ್ಟೂ ಟೈರ್ ವೇಗವಾಗುವುದು ಕಾಣುತ್ತದೆ. ರಸ್ತೆಯ ಮೇಲೆ ಒಂದು ಮಿತಿ ದಾಟಿದ ಮೇಲೆ ತಿರುಗುಮುರುಗು. ಗಟ್ಟಿ ಟೈರ್ ವೇಗವಾಗಿದೆ ಎನಿಸುವುದಕ್ಕೆ ಕಾರಣ ಆ ನಡುಕವೇ. ಝುಮ್ಮೆನ್ನುವ ಹ್ಯಾಂಡಲ್ ಮನಸ್ಸಿಗೆ ವೇಗದಂತೆ ತೋರುತ್ತದೆ.

ಅಗಲ ಹೆಚ್ಚಾದರೆ ನಷ್ಟವೂ ಇದೆ. ಎದುರುಗಾಳಿಗೆ ಹೆಚ್ಚು ಮೈ ಒಡ್ಡುತ್ತದೆ. ಗಾಳಿಯನ್ನು ಸಲೀಸಾಗಿ ಸೀಳಲೆಂದು ಮಾಡಿದ ಆಳವಾದ ಏರೋ ರಿಮ್ ಇದ್ದರೆ ರಿಮ್‌ನ ಹೊರ ಅಗಲ ಟೈರಿನ ನಿಜ ಅಗಲದ 105 ಪ್ರತಿಶತ ಇರಬೇಕೆಂಬ ಲೆಕ್ಕ ಬಳಕೆಯಲ್ಲಿದೆ, 28ರ ಟೈರಿಗೆ ಸುಮಾರು 29.5 ಮಿಮೀ ರಿಮ್. ಟೈರ್ ರಿಮ್‌ಗಿಂತ ಉಬ್ಬಿ ನಿಂತರೆ ಏರೋ ರಿಮ್‌ನ ಲಾಭ ಹೋಗುತ್ತದೆ. ಗಂಟೆಗೆ 35 ಕಿಮೀ ದಾಟಿ ಓಡಿಸದವರಿಗೆ ಇದು ತಲೆಬಿಸಿ ಮಾಡಿಕೊಳ್ಳುವ ವಿಷಯವಲ್ಲ. ತೂಕದ ಮಾತೂ ಹಾಗೆಯೇ. ಜೋಡಿಗೆ 100 ಗ್ರಾಂ ಹೆಚ್ಚಾದರೆ 85 ಕೆಜಿಯಲ್ಲಿ ಅದು 0.12 ಪ್ರತಿಶತ.

ನಮ್ಮ ಸಲಹೆ ಇಷ್ಟು. ಫ್ರೇಮ್ ಒಪ್ಪಿದರೆ 28ರಿಂದ ಶುರು ಮಾಡಿ. ತೇಪೆ ಹಾಕಿದ ರಸ್ತೆ, ಉದ್ದದ ಸವಾರಿ, 80 ಕೆಜಿ ಮೀರಿದ ದೇಹತೂಕ ಇವುಗಳಲ್ಲಿ ಯಾವುದಿದ್ದರೂ 30 ಅಥವಾ 32. 25 ಹಾಕುವುದು ಬೇರೆ ದಾರಿ ಇಲ್ಲದ ಫ್ರೇಮ್‌ಗೆ. ಹಿಂದೆ ಹೆಚ್ಚು ತೂಕ ಬೀಳುವುದರಿಂದ ಮುಂದೆ 28, ಹಿಂದೆ 30 ಎಂದು ಬೇರೆ ಬೇರೆ ಹಾಕಿದರೂ ತಪ್ಪಿಲ್ಲ. 23ರ ಕಾಲ ಮುಗಿಯಿತು, ವೃತ್ತಿಪರ ಸವಾರರೇ 28ಕ್ಕೂ ಅದರಾಚೆಗೂ ಹೋಗಿದ್ದಾರೆ.

4. ಟೈರಿನ ಮೈ, ಪಟ್ಟಿ, ರಬ್ಬರ್

ಅಗಲಕ್ಕಿಂತ ಹೆಚ್ಚು ವ್ಯತ್ಯಾಸ ಮಾಡುವುದು ಇದು, ಅಂಗಡಿಯಲ್ಲಿ ಕಡಿಮೆ ಗಮನ ಸಿಗುವುದೂ ಇದಕ್ಕೇ.

ಟೈರ್ ಎಂದರೆ ನೂಲಿನ ಮೈ, ಅದರ ಮೇಲೆ ಪಂಕ್ಚರ್ ತಡೆಯುವ ಪಟ್ಟಿ, ಎಲ್ಲಕ್ಕಿಂತ ಮೇಲೆ ನೆಲಕ್ಕೆ ತಾಗುವ ರಬ್ಬರ್. ನೂಲಿನ ಮೈಯನ್ನು ಕೇಸಿಂಗ್ ಎನ್ನುತ್ತಾರೆ. ನೂಲು ತೆಳುವಾಗಿದ್ದು ಅದನ್ನು ಹಿಡಿದಿಡುವ ರಬ್ಬರ್ ಕಡಿಮೆ ಇದ್ದರೆ ಮೈ ಸಲೀಸಾಗಿ ಬಾಗುತ್ತದೆ, ಶಕ್ತಿ ಕಡಿಮೆ ನುಂಗುತ್ತದೆ, ರಸ್ತೆಯ ತರಿಗೆ ಹೊಂದಿಕೊಳ್ಳುತ್ತದೆ. ಈ ಒಂದೇ ಗುಣ ಆರಾಮವನ್ನೂ ಹಿಡಿತವನ್ನೂ ವೇಗವನ್ನೂ ಕೊಡುತ್ತದೆ.

ಟೈರಿನ ಪೆಟ್ಟಿಗೆಯ ಮೇಲೆ ಟಿಪಿಐ ಎಂಬ ಅಂಕಿ ಇರುತ್ತದೆ, ಒಂದು ಇಂಚಿನಲ್ಲಿ ಎಷ್ಟು ನೂಲು ಎಂದರ್ಥ. 60 ಇದ್ದರೆ ಒರಟು, ದಪ್ಪ, ಗಟ್ಟಿ. 120 ಇದ್ದರೆ ನಯ. ಆದರೆ 300 ಮೀರಿದ ಅಂಕಿ ಕಂಡರೆ ಸ್ವಲ್ಪ ನಿಧಾನಿಸಿ. ಕಾಂಟಿನೆಂಟಲ್ ಗ್ರ್ಯಾಂಡ್ ಪ್ರೀ 5000 ಟೈರಿನ 330 ಎಂದರೆ 110 ನೂಲಿನ ಮೂರು ಪದರ. ವಿಟ್ಟೋರಿಯಾ ಕೋರ್ಸಾದಂಥ ಹತ್ತಿ ನೂಲಿನ ಟೈರುಗಳ 320 ಬೇರೆಯೇ ಲೆಕ್ಕ. ಎರಡೂ ಒಳ್ಳೆಯ ಟೈರುಗಳೇ, ಅಂಕಿಗಳನ್ನು ಮಾತ್ರ ಪಕ್ಕಪಕ್ಕ ಇಟ್ಟು ತೂಗಬಾರದು. ಕೈಯೇ ವಾಸಿ. ಮಡಚುವ ಟೈರನ್ನು ಬಿಚ್ಚಿ ಸೈಡ್‌ವಾಲ್‌ (ಟೈರಿನ ಪಕ್ಕದ ಗೋಡೆ) ಅನ್ನು ಎರಡು ಬೆರಳ ನಡುವೆ ಹಿಸುಕಿ ನೋಡಿ. ಬಟ್ಟೆಯಂತೆ ಮಡಚಿಕೊಂಡರೆ ಅದು ಹಗುರವಾಗಿ ಉರುಳುತ್ತದೆ; ಪ್ರತಿರೋಧಿಸಿ ಚಿಮ್ಮಿ ನೆಟ್ಟಗಾದರೆ ರಸ್ತೆಯ ಮೇಲೂ ಹಾಗೇ ಮಾಡುತ್ತದೆ.

ಎಷ್ಟು ವ್ಯತ್ಯಾಸ ಎಂಬುದನ್ನು ಲೆಕ್ಕ ಹಾಕಬಹುದು. ಉರುಳು ಪ್ರತಿರೋಧದ ಗುಣಾಂಕ ಒಳ್ಳೆಯ ವೇಗದ ಟೈರಿಗೆ 0.004ರ ಸುತ್ತ, ದಪ್ಪ ರಕ್ಷಣೆಯ ಟೈರಿಗೆ 0.007ರ ಸುತ್ತ. ಒಟ್ಟು 85 ಕೆಜಿ ತೂಕ ಗಂಟೆಗೆ 30 ಕಿಮೀ ವೇಗದಲ್ಲಿ ಹೋಗುವಾಗ ಮೊದಲನೆಯದಕ್ಕೆ ಸುಮಾರು 28 ವ್ಯಾಟ್, ಎರಡನೆಯದಕ್ಕೆ 49 ವ್ಯಾಟ್ ಖರ್ಚು. ಆ ವೇಗದಲ್ಲಿ ಪೆಡಲ್ ತುಳಿಯುವಷ್ಟು ಹೊತ್ತೂ ಈ 21 ವ್ಯಾಟ್ ನಿಮ್ಮ ಕಾಲಿನಿಂದಲೇ ಹೋಗುತ್ತದೆ. ಫ್ರೇಮ್ ಬದಲಿಸಿದರೂ ಇಷ್ಟು ಉಳಿಯುವುದು ಕಷ್ಟ.

ಹಾಗಾದರೆ ರಕ್ಷಣೆಯ ಟೈರ್ ಯಾರಿಗೆ? ಗಾಜಿನ ಚೂರು, ಟ್ರಕ್ ಟೈರಿನಿಂದ ಉದುರಿದ ಸಣ್ಣ ತಂತಿ, ಮುಳ್ಳು ತುಂಬಿದ ದಾರಿಯಲ್ಲಿ ದಿನವೂ ಹೋಗಿಬರುವವರಿಗೆ. ಅವರಿಗೆ ವಾರಕ್ಕೊಂದು ಪಂಕ್ಚರ್ ತಪ್ಪುವುದೇ ನಿಜವಾದ ವೇಗ. ಇಲ್ಲೂ ವ್ಯತ್ಯಾಸ ಗಮನಿಸಿ. ನಡುವಿನಲ್ಲಿ ಮಾತ್ರ ಅರಾಮಿಡ್ ಅಥವಾ ವೆಕ್ಟ್ರಾನ್ ಎಂಬ ಗಟ್ಟಿ ನಾರಿನ ಪಟ್ಟಿ ಇರುವ ಟೈರ್ ವೇಗವನ್ನು ಹೆಚ್ಚು ತಿನ್ನುವುದಿಲ್ಲ. ಒಂದು ಅಂಚಿನಿಂದ ಇನ್ನೊಂದು ಅಂಚಿನವರೆಗೂ ರಕ್ಷಣೆ ಹೊದಿಸಿದ್ದು ಸೈಡ್‌ವಾಲ್‌ ಅನ್ನು ಗಟ್ಟಿ ಮಾಡಿ ಸವಾರಿಯನ್ನೂ ಒರಟಾಗಿಸುತ್ತದೆ. ಹೆಚ್ಚಿನ ಸವಾರರಿಗೆ ನಡುಪಟ್ಟಿಯಷ್ಟೇ ಸಾಕು. ಚೂಪು ಕಲ್ಲಿನ ದಾರಿಯಲ್ಲಿ ಸೈಡ್‌ವಾಲ್ ಸೀಳುವ ಅನುಭವ ಇದ್ದವರು ಮಾತ್ರ ಎರಡನೆಯದಕ್ಕೆ ಹೋಗಲಿ.

ರಬ್ಬರ್ ಮೆದುವಾದಷ್ಟೂ ಹಿಡಿತ ಹೆಚ್ಚು, ಬಾಳಿಕೆ ಕಡಿಮೆ. ನಡುವಿನಲ್ಲಿ ಗಟ್ಟಿ, ಅಂಚುಗಳಲ್ಲಿ ಮೆದು ರಬ್ಬರ್ ಇಟ್ಟಿರುವ ಟೈರ್‌ಗಳು ಈ ಜಗಳವನ್ನು ಒಂದಿಷ್ಟು ತೀರಿಸುತ್ತವೆ.

ಇನ್ನು ಟೈರಿನ ಮೇಲಿನ ಗೀರು, ಚಿತ್ತಾರ. ಡಾಂಬರಿನ ಮೇಲೆ ಇವು ಹೆಚ್ಚೇನೂ ಮಾಡುವುದಿಲ್ಲ. ಕಾರಿನ ಟೈರಿಗೆ ನೀರು ಹೊರದೂಡಲು ಕಾಲುವೆ ಬೇಕು, ಸೈಕಲ್‌ಗೆ ಬೇಡ. ಟೈರ್ ನೀರಿನ ಮೇಲೆ ತೇಲತೊಡಗುವ ವೇಗಕ್ಕೆ ವಿಮಾನದ ಟೈರುಗಳಿಂದ ನಾಸಾ ಕಟ್ಟಿದ ಸೂತ್ರವೊಂದಿದೆ: ಪಿಎಸ್‌ಐ (ಒತ್ತಡದ ಇನ್ನೊಂದು ಅಳತೆ, 1 ಬಾರ್ ಎಂದರೆ ಸುಮಾರು 14.5 ಪಿಎಸ್‌ಐ) ಲೆಕ್ಕದ ಒತ್ತಡದ ವರ್ಗಮೂಲವನ್ನು 9ರಿಂದ ಗುಣಿಸಿದರೆ ವೇಗ ನಾಟ್‌ನಲ್ಲಿ ಬರುತ್ತದೆ. 64 ಪಿಎಸ್‌ಐಗೆ ಅದು 72 ನಾಟ್, ಗಂಟೆಗೆ 133 ಕಿಮೀ. ಸೈಕಲ್ ಟೈರ್ ಕಿರಿದಾಗಿ ದುಂಡಗಿರುವುದರಿಂದ ನೀರು ಇನ್ನೂ ಸುಲಭವಾಗಿ ಪಕ್ಕಕ್ಕೆ ಸರಿಯುತ್ತದೆ. ಆದ್ದರಿಂದ ಮಳೆಗೆ ಬೇಕಾದ್ದು ಮೆದು ರಬ್ಬರ್ ಮತ್ತು ಕಡಿಮೆ ಗಾಳಿ, ಆಳವಾದ ಗೀರಲ್ಲ. ಒದ್ದೆಯಾದ ಬಿಳಿ ಪಟ್ಟೆ, ಕಬ್ಬಿಣದ ಮುಚ್ಚಳಗಳ ಮೇಲೆ ಯಾವ ಟೈರೂ ಕಾಯುವುದಿಲ್ಲ.

5. ಟ್ಯೂಬೋ, ಟ್ಯೂಬ್‌ಲೆಸ್ಸೋ

ಸಾಮಾನ್ಯ ಬ್ಯುಟೈಲ್ ಟ್ಯೂಬ್ ಸುಮಾರು 100 ಗ್ರಾಂ, ವಾರಕ್ಕೊಮ್ಮೆ ಗಾಳಿ ಸರಿ ಮಾಡಿದರೆ ಸಾಕು, ತೇಪೆ ಸುಲಭ. ಲೇಟೆಕ್ಸ್ ಟ್ಯೂಬ್ ಹಗುರವಾಗಿ ಉರುಳುತ್ತದೆ, ಸವಾರಿ ಮೃದು, ಆದರೆ ರಾತ್ರಿ ಬೆಳಗಾಗುವುದರೊಳಗೆ ಗಾಳಿ ಇಳಿದಿರುತ್ತದೆ. ಟಿಪಿಯು ಎಂಬ ತೆಳು ಪ್ಲಾಸ್ಟಿಕ್‌ನ ಟ್ಯೂಬ್ 25ರಿಂದ 40 ಗ್ರಾಂ ಅಷ್ಟೇ, ಜೇಬಿನಲ್ಲಿ ಬಿಡಿ ಟ್ಯೂಬ್ ಆಗಿ ಒಯ್ಯಲು ಹೇಳಿ ಮಾಡಿಸಿದ್ದು. ರಿಮ್ ಬ್ರೇಕ್ ಹಿಡಿದು ಉದ್ದದ ಘಾಟಿ ಇಳಿಯುವವರು ಲೇಟೆಕ್ಸ್ ಮತ್ತು ಟಿಪಿಯು ಬಗ್ಗೆ ತಯಾರಕರ ಶಾಖದ ಎಚ್ಚರಿಕೆಯನ್ನು ಓದಿಯೇ ಹಾಕಬೇಕು. ಒಳ್ಳೆಯ ಟೈರಿನೊಳಗೆ ದಪ್ಪ ಅಗ್ಗದ ಟ್ಯೂಬ್ ತುರುಕುವುದು ಮಾತ್ರ ಬೇಡ, ಟೈರಿಗೆ ಕೊಟ್ಟ ಹಣದ ಒಂದು ಭಾಗ ಅಲ್ಲೇ ಸೋರುತ್ತದೆ.

ಟ್ಯೂಬ್‌ಲೆಸ್‌ನ ದೊಡ್ಡ ಲಾಭ ವೇಗಕ್ಕಿಂತ ನೆಮ್ಮದಿ. ಸೀಲೆಂಟ್ ದ್ರವ ಸಣ್ಣ ತೂತುಗಳನ್ನು ನೀವು ಗಮನಿಸುವ ಮೊದಲೇ ಮುಚ್ಚುತ್ತದೆ. ರಿಮ್ ಮತ್ತು ನೆಲದ ನಡುವೆ ಸಿಕ್ಕಿ ಸೀಳಲು ಟ್ಯೂಬೇ ಇಲ್ಲದ್ದರಿಂದ ಗಾಳಿ ಇನ್ನಷ್ಟು ಇಳಿಸಬಹುದು. ತಲೆನೋವು ಇರುವುದು ಜೋಡಿಸುವಾಗ, ಮತ್ತು ಮೂರು ತಿಂಗಳಿಗೊಮ್ಮೆ ಸೀಲೆಂಟ್ ತುಂಬಬೇಕಾದ ಕೆಲಸದಲ್ಲಿ. ಸೆಕೆಯ ವಾತಾವರಣದಲ್ಲಿ ಅದು ಇನ್ನೂ ಬೇಗ ಒಣಗುತ್ತದೆ. ಇನ್ನೊಂದು ಮಿತಿಯೂ ಇದೆ. 6 ಬಾರ್‌ನಂಥ ಹೆಚ್ಚು ಒತ್ತಡದಲ್ಲಿ ಸೀಲೆಂಟ್ ತೂತಿನಲ್ಲಿ ನಿಲ್ಲದೆ ಚಿಮ್ಮಿ ಹೋಗುತ್ತದೆ. 25ರ ಟೈರಿಗೆ ಟ್ಯೂಬ್‌ಲೆಸ್ ಅಷ್ಟಾಗಿ ಹೊಂದದಿರುವುದು, 30–32ರಲ್ಲಿ ಸೊಗಸಾಗಿ ನಡೆಯುವುದು ಇದರಿಂದ. ಸೈಕಲ್ ತಿಂಗಳುಗಟ್ಟಲೆ ಮೂಲೆಯಲ್ಲಿ ನಿಲ್ಲುವುದಾದರೆ ಟ್ಯೂಬ್ ಟೈರೇ ಒಳ್ಳೆಯದು.

ರಿಮ್ ಹುಕ್‌ಲೆಸ್ ಆಗಿದ್ದರೆ, ಅಂದರೆ ಒಳ ಅಂಚಿನಲ್ಲಿ ಟೈರನ್ನು ಹಿಡಿಯುವ ಕೊಕ್ಕೆಯಂಥ ಬಾಗು ಇಲ್ಲದಿದ್ದರೆ, ನಿಯಮ ಬಿಗಿ. ಟ್ಯೂಬ್‌ಲೆಸ್ ಟೈರನ್ನೇ ಹಾಕಬೇಕು, ಒಳಗೆ ಟ್ಯೂಬ್ ಬಳಸಿದರೂ ಸರಿಯೇ. ಒತ್ತಡ 5 ಬಾರ್, ಅಂದರೆ 72.5 ಪಿಎಸ್‌ಐ ದಾಟಬಾರದು. ಟೈರಿನ ಹೆಸರು ರಿಮ್ ತಯಾರಕರ ಒಪ್ಪಿಗೆ ಪಟ್ಟಿಯಲ್ಲಿ ಇರಬೇಕು. ಈ ಮೂರರಲ್ಲಿ ಒಂದು ತಪ್ಪಿದರೂ ಓಡುತ್ತಿರುವಾಗ ಟೈರ್ ರಿಮ್ ಬಿಟ್ಟು ಬರಬಹುದು.

6. ಗಾಳಿ: ಎಲ್ಲ ಕೆಲಸ ಕೆಡುವುದೂ ಕೂಡುವುದೂ ಇಲ್ಲಿ

ಟೈರಿನ ಮೇಲೆ ಬರೆದಿರುವ "ಗರಿಷ್ಠ 115 ಪಿಎಸ್‌ಐ" ಎಂಬುದು ಸಲಹೆಯಲ್ಲ, ಮೀರಬಾರದ ಗಡಿ. ರಿಮ್ ಮೇಲೆ ಇದಕ್ಕಿಂತ ಕಡಿಮೆ ಗಡಿ ಬರೆದಿದ್ದರೆ ಅದೇ ಅಂತಿಮ.

ಕೆಳಗಿನ ಅಂಕಿಗಳು ಟ್ಯೂಬ್ ಇರುವ, ಸಾಧಾರಣ ಡಾಂಬರಿನ ಮೇಲೆ ಓಡುವ ಸೈಕಲ್‌ಗೆ ಆರಂಭದ ಅಳತೆ, ಪಿಎಸ್‌ಐನಲ್ಲಿ, ಮೊದಲು ಮುಂದಿನ ಟೈರ್, ಆಮೇಲೆ ಹಿಂದಿನದು. ತೂಕ ಎಂದರೆ ಸವಾರ, ಸೈಕಲ್, ಸಾಮಾನು ಎಲ್ಲ ಸೇರಿ. ಅಗಲ ಎಂದರೆ ರಿಮ್ ಮೇಲೆ ಕೂತ ಟೈರನ್ನು ವರ್ನಿಯರ್ ಕ್ಯಾಲಿಪರ್‌ನಿಂದ ಅಳೆದದ್ದು.

70 ಕೆಜಿ: 25 ಮಿಮೀಗೆ 70/75, 28ಕ್ಕೆ 60/64, 30ಕ್ಕೆ 53/57, 32ಕ್ಕೆ 48/52
85 ಕೆಜಿ: 25 ಮಿಮೀಗೆ 82/88, 28ಕ್ಕೆ 68/73, 30ಕ್ಕೆ 62/66, 32ಕ್ಕೆ 55/60
100 ಕೆಜಿ: 25 ಮಿಮೀಗೆ 95/102, 28ಕ್ಕೆ 80/86, 30ಕ್ಕೆ 71/76, 32ಕ್ಕೆ 64/69

ಟ್ಯೂಬ್‌ಲೆಸ್ ಆದರೆ 3ರಿಂದ 5 ಕಳೆಯಿರಿ. ಒದ್ದೆ ರಸ್ತೆಗೆ ಇನ್ನೊಂದು 5. ಮೂರನೆಯ ಸಾಲನ್ನು ಹುಕ್‌ಲೆಸ್ ರಿಮ್‌ನ ಗಡಿಯ ಪಕ್ಕ ಇಟ್ಟು ನೋಡಿ. ಒಟ್ಟು 100 ಕೆಜಿ ಇರುವವರಿಗೆ ಅಂಥ ರಿಮ್ ಮೇಲೆ 28 ಸಾಲದು, 32ಕ್ಕೆ ಹೋಗಲೇಬೇಕು.

ಈ ಅಂಕಿಗಳನ್ನು ನಿಮ್ಮದಾಗಿಸಿಕೊಳ್ಳುವುದು ಹೀಗೆ. ಚೆನ್ನಾಗಿ ಗೊತ್ತಿರುವ, ಸ್ವಲ್ಪ ಒರಟಾದ, ಒಂದೆರಡು ತಿರುವು ಇರುವ ದಾರಿ ಆರಿಸಿಕೊಳ್ಳಿ. ಪಟ್ಟಿಯ ಒತ್ತಡದಲ್ಲಿ ಒಮ್ಮೆ ಹೋಗಿ ಬನ್ನಿ. ಆಮೇಲೆ ಮುಂದಿನ ಟೈರ್ ಮಾತ್ರ 3 ಪಿಎಸ್‌ಐ ಇಳಿಸಿ ಮತ್ತೆ ಅದೇ ದಾರಿ. ಹೀಗೆ ಇಳಿಸುತ್ತಾ ಹೋದಂತೆ ಮೊದಲು ಅಂಗೈಯ ಜುಮ್ಮು ಕಡಿಮೆಯಾಗುತ್ತದೆ, ತಿರುವಿನಲ್ಲಿ ಸೈಕಲ್ ನೆಲಕ್ಕೆ ಅಂಟಿದಂತಾಗುತ್ತದೆ. ಇನ್ನೂ ಇಳಿಸಿದರೆ ಒಂದು ಹಂತದಲ್ಲಿ ಎದ್ದು ನಿಂತು ತುಳಿಯುವಾಗ ಹ್ಯಾಂಡಲ್ ಜೋಲಿ ಹೊಡೆಯುತ್ತದೆ, ತಿರುವಿನಲ್ಲಿ ಟೈರ್ ಮಗುಚಿದಂತೆ ಅನಿಸುತ್ತದೆ, ಇಲ್ಲವೇ ಗುಂಡಿಯಲ್ಲಿ ರಿಮ್ ಟಕ್ ಎನ್ನುತ್ತದೆ. ಅಲ್ಲಿಂದ 3ರಿಂದ 5 ಪಿಎಸ್‌ಐ ಮೇಲೇರಿಸಿ ನಿಲ್ಲಿಸಿ. ಹಿಂದಿನ ಟೈರಿಗೂ ಇದೇ ಕ್ರಮ, ಬೇರೆಯಾಗಿ. ಎರಡನ್ನೂ ಒಟ್ಟಿಗೇ ಬದಲಿಸಿದರೆ ಯಾವುದರಿಂದ ಏನಾಯಿತು ತಿಳಿಯುವುದಿಲ್ಲ.

ಮೀಟರ್ ಬಗ್ಗೆ ಒಂದು ಮಾತು. ಪಂಪಿನ ಗೇಜ್ 5 ಪಿಎಸ್‌ಐ ಆಚೀಚೆ ತೋರಿಸುವುದು ಸಾಮಾನ್ಯ. ಅದು ಸುಳ್ಳು ಹೇಳಿದರೂ ಯಾವಾಗಲೂ ಒಂದೇ ಸುಳ್ಳು ಹೇಳಿದರೆ ಸಾಕು, ಹಾಗಾಗಿ ಒಂದೇ ಪಂಪ್ ಬಳಸಿ. ತಂಪಾದ ಮುಂಜಾನೆ 75 ಪಿಎಸ್‌ಐ ಹಾಕಿದ ಟೈರ್ 10 ಡಿಗ್ರಿ ಬಿಸಿಯಾದರೆ ಸುಮಾರು 3 ಪಿಎಸ್‌ಐ ಏರುತ್ತದೆ. ಬಿಸಿಲಿನಲ್ಲಿ ನಿಲ್ಲಿಸಿದ ಸೈಕಲ್‌ಗೆ ಇದು ಇನ್ನೂ ಹೆಚ್ಚು.

7. ಟೈರ್ ಹಾಕುವ ಕ್ರಮ

ಟ್ಯೂಬ್ ಟೈರ್‌ಗೆ:

1. ರಿಮ್ ಟೇಪ್ ನೋಡಿ. ಕಡ್ಡಿಯ ತೂತುಗಳು ಎಲ್ಲೂ ಕಾಣಬಾರದು, ಟೇಪ್ ಅಂಚು ಚೂಪಾಗಿರಬಾರದು.
2. ತಿರುಗುವ ದಿಕ್ಕಿನ ಬಾಣ ಇದ್ದರೆ ಹೊಂದಿಸಿ, ಟೈರಿನ ಹೆಸರು ವಾಲ್ವ್ ಹತ್ತಿರ ಬರಲಿ. ಇದು ಅಂದಕ್ಕಲ್ಲ. ಟ್ಯೂಬಿನಲ್ಲಿ ತೂತು ಸಿಕ್ಕಾಗ ಟೈರಿನಲ್ಲಿ ಮುಳ್ಳು ಎಲ್ಲಿದೆ ಎಂದು ತಕ್ಷಣ ಗೊತ್ತಾಗುತ್ತದೆ.
3. ಒಂದು ಅಂಚನ್ನು ಪೂರ್ತಿ ಕೂರಿಸಿ. ಟ್ಯೂಬಿಗೆ ದುಂಡಗಾಗುವಷ್ಟು ಮಾತ್ರ ಗಾಳಿ ಊದಿ ಒಳಗಿಡಿ.
4. ಎರಡನೇ ಅಂಚನ್ನು ವಾಲ್ವ್‌ನ ಎದುರು ಬದಿಯಿಂದ ಶುರು ಮಾಡಿ ವಾಲ್ವ್ ಹತ್ತಿರ ಮುಗಿಸಿ. ಕೊನೆಯ ಕೈಯಗಲ ಬಿಗಿಯಾದರೆ ಟೈರಿನ ಉಳಿದ ಭಾಗವನ್ನು ಸುತ್ತಲೂ ಹಿಸುಕಿ ಅಂಚನ್ನು ರಿಮ್‌ನ ನಡುವಿನ ತಗ್ಗಿಗೆ ಇಳಿಸುತ್ತಾ ಬನ್ನಿ, ಸಡಿಲ ಸಿಗುತ್ತದೆ. ಲಿವರ್ ಹಾಕಿ ಮೀಟಿದರೆ ಹೊಸ ಟ್ಯೂಬ್ ಅಲ್ಲೇ ತೂತಾಗುವುದೇ ಹೆಚ್ಚು.
5. ವಾಲ್ವ್ ಅನ್ನು ಒಮ್ಮೆ ಒಳಕ್ಕೆ ಒತ್ತಿ ಬಿಡಿ. ಸುತ್ತಲೂ ಟೈರ್ ಸರಿಸಿ, ಟ್ಯೂಬ್ ಅಂಚಿನಡಿ ಸಿಕ್ಕಿಲ್ಲವೆಂದು ನೋಡಿ.
6. ಅರ್ಧ ಗಾಳಿ ಹಾಕಿ ಚಕ್ರ ತಿರುಗಿಸಿ. ಅಂಚಿನ ಪಕ್ಕದ ಗೆರೆ ರಿಮ್‌ನಿಂದ ಎಲ್ಲೆಡೆ ಒಂದೇ ದೂರದಲ್ಲಿರಬೇಕು. ಒಂದು ಕಡೆ ಮುಳುಗಿದ್ದರೆ ಗಾಳಿ ಬಿಟ್ಟು ಅಲ್ಲಿ ಸೋಪು ನೀರು ಸವರಿ ಮತ್ತೆ ತುಂಬಿ.

ಟ್ಯೂಬ್‌ಲೆಸ್‌ನಲ್ಲಿ ಬಹಳಷ್ಟು ಸೋರಿಕೆಗೆ ಮೂಲ ಟೇಪ್. ರಿಮ್ ಒಳಮೈಯನ್ನು ಐಸೊಪ್ರೊಪೈಲ್ ಆಲ್ಕೋಹಾಲ್‌ನಿಂದ ಒರೆಸಿ ಒಣಗಿಸಿ. ಟೇಪ್ ರಿಮ್‌ನ ಒಳ ಅಗಲಕ್ಕಿಂತ 2ರಿಂದ 4 ಮಿಮೀ ಹೆಚ್ಚಿರಲಿ. ಬಲವಾಗಿ ಎಳೆದು ಅಂಟಿಸುತ್ತಾ ಬಂದು ವಾಲ್ವ್ ತೂತಿನ ಮೇಲೆ ಒಂದು ಗೇಣು ದಾಟಿಸಿ. ವಾಲ್ವ್‌ಗೆ ತೂತು ಮಾಡಲು ಬ್ಲೇಡ್ ಬೇಡ, ಸೀಳು ಹರಡುತ್ತದೆ. ಚೂಪು ದಬ್ಬಳ ಒಳ್ಳೆಯದು. ವಾಲ್ವ್ ನಟ್ ಬೆರಳಿನಿಂದ ಮಾತ್ರ ಬಿಗಿ ಮಾಡಿ, ಇಕ್ಕಳ ಹಾಕಿದರೆ ದಾರಿಯಲ್ಲಿ ಟ್ಯೂಬ್ ಹಾಕಬೇಕಾದಾಗ ಬಿಚ್ಚಲಾಗುವುದಿಲ್ಲ. ವಾಲ್ವ್‌ನ ಒಳಕೋಶ ತೆಗೆದು ಕಂಪ್ರೆಸರ್‌ನಿಂದ ರಭಸವಾಗಿ ಗಾಳಿ ಹೊಡೆದರೆ ಅಂಚುಗಳು ಪಟ್ ಪಟ್ ಎಂದು ಕೂರುತ್ತವೆ. ಕೂತ ಮೇಲೆ ಗಾಳಿ ಬಿಟ್ಟು ವಾಲ್ವ್ ಮೂಲಕವೇ ಸೀಲೆಂಟ್ ಹಾಕಿ: 28ಕ್ಕೆ 30ರಿಂದ 40 ಮಿಲಿ, 32ಕ್ಕೆ 40ರಿಂದ 50. ಒಳಕೋಶ ಹಾಕಿ ಮತ್ತೆ ಗಾಳಿ ತುಂಬಿ, ಚಕ್ರ ಅಲುಗಾಡಿಸಿ, ಒಂದೊಂದು ಮಗ್ಗುಲಿಗೆ ಹದಿನೈದು ನಿಮಿಷ ಮಲಗಿಸಿ.

ಒಂದು ದಿನ ಕಳೆದ ಮೇಲೆ ಅಗಲ ಮತ್ತೆ ಅಳೆಯಿರಿ, ಹೊಸ ಟೈರ್ ಸ್ವಲ್ಪ ಹಿಗ್ಗಿರುತ್ತದೆ. ಚಕ್ರದ ಸುತ್ತಳತೆ ನಮೂದಿಸುವ ಸೈಕಲ್ ಕಂಪ್ಯೂಟರ್ ಇದ್ದರೆ 25ಕ್ಕೆ 2105, 28ಕ್ಕೆ 2136, 32ಕ್ಕೆ 2155 ಮಿಮೀ. ಹೊಸ ಟೈರಿನ ಮೈ ನುಣುಪಾಗಿರುತ್ತದೆ, ಮೊದಲ ಸವಾರಿಯಲ್ಲಿ ತಿರುವುಗಳನ್ನು ನಿಧಾನವಾಗಿ ತೆಗೆದುಕೊಳ್ಳಿ.

8. ಕೆಟ್ಟಾಗ ಓದಬೇಕಾದ ಗುರುತುಗಳು

ಟ್ಯೂಬಿನಲ್ಲಿ ಅಕ್ಕಪಕ್ಕ ಎರಡು ಸಣ್ಣ ಸೀಳು ಇದ್ದರೆ ಗುಂಡಿಯಲ್ಲಿ ರಿಮ್‌ಗೆ ಸಿಕ್ಕಿ ಜಜ್ಜಿದೆ. ಗಾಳಿ ಕಡಿಮೆ, ಅಥವಾ ನಿಮ್ಮ ತೂಕಕ್ಕೆ ಟೈರ್ ಸಣ್ಣದು. ತೂತು ರಿಮ್ ಕಡೆಗಿದ್ದರೆ ಟೇಪ್ ಸರಿದಿದೆ, ಹೊಸ ಟ್ಯೂಬ್ ಹಾಕಿದರೂ ಮರುದಿನ ಅದೇ ಕಥೆ. ಒಂದೇ ಜಾಗದಲ್ಲಿ ಮತ್ತೆ ಮತ್ತೆ ಪಂಕ್ಚರ್ ಆದರೆ ಟೈರಿನೊಳಗೆ ಕೂದಲೆಳೆಯಂಥ ತಂತಿ ಉಳಿದಿದೆ. ಒಳಗೆ ಹತ್ತಿಯ ಉಂಡೆ ಸವರುತ್ತಾ ಹೋಗಿ, ಎಲ್ಲಿ ಎಳೆ ಸಿಕ್ಕಿಕೊಳ್ಳುತ್ತದೋ ಅಲ್ಲಿದೆ, ಚಿಮುಟದಿಂದ ಕೀಳಿ. ವಾಲ್ವ್ ಬುಡ ಹರಿದಿದ್ದರೆ ಟೈರ್ ರಿಮ್ ಮೇಲೆ ಜಾರಿ ವಾಲ್ವ್ ಓರೆಯಾಗಿದೆ, ಇಲ್ಲವೇ ಪಂಪ್ ಹಾಕುವಾಗ ಕೈ ಬಲ ಹೆಚ್ಚಾಗಿದೆ.

ಟೈರ್ ಮೇಲೆ ಗುಳ್ಳೆಯಂತೆ ಉಬ್ಬು ಕಂಡರೆ ಒಳಗೆ ನೂಲು ಕಡಿದಿದೆ. ಒಳಗಿನಿಂದ ಹಳೆಯ ಟೈರಿನ ತುಂಡು ಇಟ್ಟು ನಿಧಾನವಾಗಿ ಮನೆ ಸೇರಬಹುದು, ಮರುದಿನ ಅದನ್ನು ಓಡಿಸುವಂತಿಲ್ಲ. ಮೇಲ್ಮೈಯ ಸಣ್ಣ ಕಚ್ಚುಗಳಿಗೆ ಹೆದರಬೇಕಿಲ್ಲ, ಆದರೆ ತಿಂಗಳಿಗೊಮ್ಮೆ ಗಾಳಿ ಇಳಿಸಿ ಕಚ್ಚುಗಳನ್ನು ಬಾಗಿಸಿ ನೋಡಿ. ಅದರಲ್ಲಿ ಕೂತ ಗಾಜಿನ ಹರಳು ಇಂದು ಪಂಕ್ಚರ್ ಮಾಡದಿದ್ದರೂ ಪ್ರತಿ ಸುತ್ತಿಗೂ ಒಳಗೆ ಇಳಿಯುತ್ತಿರುತ್ತದೆ.

ಹಿಂದಿನ ಟೈರ್ ಮುಂದಿನದಕ್ಕಿಂತ ಬಹಳ ಬೇಗ ಸವೆಯುತ್ತದೆ. ಹಗುರ ರೇಸಿಂಗ್ ಟೈರ್ ಹಿಂದೆ 3000ದಿಂದ 5000 ಕಿಮೀ, ಗಟ್ಟಿ ಟೈರ್ ಇದರ ಎರಡರಷ್ಟು ಬರುವುದು ವಾಡಿಕೆ. ರಸ್ತೆ ಮತ್ತು ತೂಕದಂತೆ ಹೆಚ್ಚುಕಡಿಮೆ. ಸವೆತ ತೋರಿಸಲು ಕೆಲವು ಟೈರ್‌ಗಳಲ್ಲಿ ಎರಡು ಪುಟ್ಟ ಗುಳಿ ಇರುತ್ತವೆ, ಅವು ಮಾಯವಾದರೆ ಸಮಯವಾಯಿತು. ಗುಳಿ ಇಲ್ಲದಿದ್ದರೆ ನಡುಭಾಗ ಚಪ್ಪಟೆಯಾಗಿ ಅಂಚು ಮೂಡಿದ್ದು ನೋಡಿ. ನೂಲು ಕಂಡರೆ ಆಗಲೇ ತಡವಾಗಿದೆ.

ಹಿಂದಿನದು ಸವೆದಾಗ ಹೊಸ ಟೈರನ್ನು ಹಿಂದಕ್ಕೇ ಹಾಕಿಬಿಡುವವರು ಹೆಚ್ಚು. ಮಾಡಬೇಕಾದ್ದು ಬೇರೆ. ಮುಂದಿನದನ್ನು ಹಿಂದಕ್ಕೆ ಕಳಿಸಿ, ಹೊಸದನ್ನು ಮುಂದೆ ಹಾಕಿ. ಹಿಂದಿನ ಟೈರ್ ಜಾರಿದರೆ ಸಾವರಿಸಿಕೊಳ್ಳಬಹುದು, ಮುಂದಿನದು ಜಾರಿದರೆ ಆ ಅವಕಾಶವೇ ಇರುವುದಿಲ್ಲ. ಅರ್ಧ ಸವೆದ ಟೈರನ್ನು ಹಿಂದಿನಿಂದ ಬಿಚ್ಚಿ ಮುಂದೆ ಹಾಕುವುದಂತೂ ಎಂದೂ ಬೇಡ. ಬಿಡಿ ಟೈರ್ ಇಟ್ಟುಕೊಂಡಿದ್ದರೆ ಕತ್ತಲಾದ ಒಣ ಜಾಗದಲ್ಲಿ, ಬಿಸಿಲಿನಿಂದಲೂ ವಿದ್ಯುತ್ ಮೋಟಾರುಗಳಿಂದಲೂ ದೂರ ಇಡಿ. ಮೋಟಾರಿನ ಕಿಡಿಯಿಂದ ಹುಟ್ಟುವ ಓಝೋನ್ ರಬ್ಬರನ್ನು ಬಿರುಕು ಬಿಡಿಸುತ್ತದೆ.